ರಕ್ತ ಕೊಡದವರೂ ಪಾಸಾದ ಪಟ್ಟಿ

ಬೆಳಗಿನ ಆರು ಗಂಟೆ. ನಾಗಪುರದ ಜೂನ್ ಬಿಸಿಲು ಈಗಲೇ ಕಿಟಕಿಗೆ ಬಂದು ನಿಂತಿದೆ. ಬುಟಿಬೋರಿ ರಸ್ತೆಯ ಬ್ಯಾಟರಿ ಕಾರ್ಖಾನೆಯ ಕಂಪ್ಯೂಟರ್ ಕೋಣೆಯೊಳಗೆ ಮಾತ್ರ ಮಾಘದ ಚಳಿ. ಬಾಗಿಲಾಚೆ ಚಪ್ಪಲಿ ಬಿಟ್ಟು, ಶಾಲು ಹೊದ್ದು, ಕೃಷ್ಣವೇಣಿ ಹತ್ತಡಿ ಉದ್ದದ ಕಾಗದವನ್ನು ನೆಲದ ಮೇಲೆ ಹಾಸಿಕೊಂಡು ಕೂತಿದ್ದಾರೆ. ಕೂತಿದ್ದಾರೆ ಎನ್ನುವುದೂ ತಪ್ಪೇ. ನಾಲ್ಕು ಸಾಲು ನೋಡುತ್ತಾರೆ, ಎದ್ದು ಗಡಿಯಾರ ನೋಡುತ್ತಾರೆ, ಮತ್ತೆ ಕೂರುತ್ತಾರೆ. ಎಂಟಕ್ಕೆ ಈ ಪಟ್ಟಿ ಗೇಟಿನ ಫಲಕಕ್ಕೆ ಹೋಗಬೇಕು.

ಕಾರ್ಖಾನೆಯಲ್ಲಿ 612 ಮಂದಿ. ಸೀಸ ಕರಗಿಸುವ ಕಡೆ ದುಡಿದರೆ ಸೀಸ ರಕ್ತಕ್ಕೂ ಇಳಿಯುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಮಿತಿ ಮೀರಿದವರನ್ನು ಬೇರೆ ಶೆಡ್ಡಿಗೆ ಕಳಿಸಬೇಕು. ಯಾರು ಕುಲುಮೆಯ ಮುಂದೆ ಉಳಿಯಬೇಕು, ಯಾರು ಹೋಗಬೇಕು ಎಂದು ಬರೆಯುವುದು ಕಂಪ್ಯೂಟರ್. ಹಾಗೆ ಬರೆಯಲು ಅದಕ್ಕೆ ಕಲಿಸಿದವರು ಕೃಷ್ಣವೇಣಿ. ಸಹಿ ಮ್ಯಾನೇಜರರದು, ಹೊಗಳಿಕೆ ಯಂತ್ರದ್ದು; ಈಕೆಯ ಹೆಸರನ್ನು ಕೇಳಿದವರೇ ಇಲ್ಲ.

ಊರು ಗದಗ. ಗಂಡ ಬಸವಂತ ರೈಲ್ವೆಯವರು. 1979ರಲ್ಲಿ ವರ್ಗವಾಗಿ ಬಂದರು. ಕೊತ್ತಂಬರಿ ಚೌಕಾಸಿ ಮಾಡುತ್ತಲೇ ಮರಾಠಿ ಕಲಿತ ಕೃಷ್ಣವೇಣಿ ಇಲ್ಲಿ ಟೈಪಿಸ್ಟ್ ಆದರು. ಮೂರು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ಗುಮಾಸ್ತರೆಲ್ಲ ಕೆಟ್ಟೀತೆಂದು ಹೆದರಿ ದೂರ ನಿಂತರು, ಕೆಲಸ ಇವರ ಕೊರಳಿಗೆ ಬಿತ್ತು. ನಾಲ್ಕಕ್ಕೆ ಏಳಬೇಕು, ರೊಟ್ಟಿ ಬಡಿಯಬೇಕು, ಐದರ ಬಸ್ಸು ಹಿಡಿಯಬೇಕು. ಹತ್ತರ ಮೇಲೆ ಯಂತ್ರ ಸಾಹೇಬರುಗಳ ವಶ.

ಇವತ್ತಿನ ತಳಮಳ ಶುರುವಾದದ್ದು ನಿನ್ನೆ ಸಂಜೆ. ಪಟ್ಟಿಯಲ್ಲಿ ಕುಲುಮೆ ಕೆಲಸದ ಮಲ್ಲೇಶಪ್ಪನ ಹೆಸರಿನ ಮುಂದೆ 'ಯೋಗ್ಯ' ಎಂದು ಅಚ್ಚಾಗಿತ್ತು.

"ರಕ್ತಾ ತಗೊಂಡ ವಾರ ಅಂವ ತಂಗಿ ಮದಿವಿಗಂತ ಗದಗಿಗೆ ಹೋಗಿದ್ನ್ರಿ. ಬರೂಮುಂದ ನಮ್ಮವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ತಂದು ಕೊಟ್ಟಾನ. ಊರಾಗಿದ್ದಂವನ ರಕ್ತಾ ಇಲ್ಲಿ ಯಾರು ತಗೊಂಡ್ರು?" ಎನ್ನುತ್ತಾರೆ ಕೃಷ್ಣವೇಣಿ.

ತಪ್ಪು ಹುಡುಕಲು ಇವರದೇ ಒಂದು ರೀತಿ ಇದೆ. ಯಂತ್ರವನ್ನು ಮುಟ್ಟುವುದಿಲ್ಲ. ಕೆಂಪು ಪೆನ್ಸಿಲ್, ಅಡಿಪಟ್ಟಿ, ಅಷ್ಟೇ. "ನಾನೇ ಮಷೀನ್ ಆಗ್ತೀನ್ರಿ. ಅದಕ್ಕ ಹೇಳಿದ ಮಾತು ನನಗ ಹೇಳ್ಕೊಂತ ಒಂದೊಂದು ಹೆಸರಿಗೆ ಹಚ್ಚಿ ನೋಡ್ತೀನಿ."

ಹೇಳಿದ ಮಾತು ಚಿಕ್ಕದು: ಸೀಸ ಮಿತಿಗಿಂತ ಹೆಚ್ಚಿದ್ದರೆ 'ಬದಲಿಸಿ', ಇಲ್ಲದಿದ್ದರೆ 'ಯೋಗ್ಯ'. ಮಲ್ಲೇಶಪ್ಪನ ಸಾಲಿಗೆ ಬಂದು ಪೆನ್ಸಿಲ್ ನಿಲ್ಲುತ್ತದೆ. ಅಲ್ಲಿ ಅಂಕಿಯೇ ಇಲ್ಲ. ಖಾಲಿ ಜಾಗವನ್ನು ಯಂತ್ರ ಸೊನ್ನೆ ಎಂದು ಓದಿದೆ; ಸೊನ್ನೆ ಮಿತಿಯನ್ನು ಮೀರುವುದಿಲ್ಲವಲ್ಲ! ಮೇ ತಿಂಗಳಲ್ಲಿ ಮದುವೆ, ಮುಂಜಿ ಎಂದು ದೂರದ ಊರಿಗೆ ರಜೆಯಲ್ಲಿ ಹೋದವರೆಲ್ಲ ರಕ್ತ ಕೊಡದೆಯೇ ಪಾಸು.

"ಹೌದು ಅನ್ನೋದು ಕಲಿಸಿದೆ, ಅಲ್ಲ ಅನ್ನೋದು ಕಲಿಸಿದೆ. ಗೊತ್ತಿಲ್ಲ ಅನ್ನೋದು ಕಲಿಸ್ಲೇ ಇಲ್ರಿ ನಾ," ಎನ್ನುವಾಗ ಅವರ ದನಿ ಬಿದ್ದುಹೋಗುತ್ತದೆ. ಕೇಳುವವರಿಗೂ ಸಂಕಟವಾಗುತ್ತದೆ.

ಏಳೂಕಾಲಿಗೆ ಸೂತ್ರ ಬದಲಾಗುತ್ತದೆ. ರಕ್ತ ತೆಗೆದ ತಾರೀಖು ಇದೆಯೇ ಎಂದು ಮೊದಲು ಕೇಳು. ಇಲ್ಲದಿದ್ದರೆ 'ತಪಾಸಣೆ ಆಗಿಲ್ಲ' ಎನ್ನು. ಪ್ರಿಂಟರ್ ಕಿರುಚುತ್ತದೆ. ನಲವತ್ತೊಂದು ಹೆಸರು. ಕಾಗದ ಹರಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಓಡುತ್ತಾರೆ.

ಆಡಳಿತಾಧಿಕಾರಿ ಆಗಷ್ಟೇ ಬಂದಿದ್ದಾರೆ. "ಕಂಪ್ಯೂಟರ್ ಎಲ್ಲಾದರೂ ತಪ್ಪು ಮಾಡುತ್ತದೆಯೇ, ಬಾಈ? ಯಾರೋ ಮಾಡಿರಬೇಕು. ಯಾರು?" ಎಂದು ಮರಾಠಿಯಲ್ಲಿ ಗದರುತ್ತಾರೆ.

"ಮೀಚ್, ಸಾಹೇಬ." ನಾನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ನೌಕರಿಗೆ ಕುತ್ತು ಬರಬಹುದೆಂದು ಗೊತ್ತಿದ್ದೂ ಹೀಗೆ ನೇರ ಒಪ್ಪಿಕೊಳ್ಳುವವರು ಕಡಿಮೆ. ಅಧಿಕಾರಿ ಬಹಳ ಹೊತ್ತು ಗೊಣಗಿ ಪಟ್ಟಿಯನ್ನು ತಡೆಹಿಡಿಯುತ್ತಾರೆ. ನಲವತ್ತೊಂದು ಮಂದಿಗೂ ರಕ್ತ ಕೊಡಲು ಕರೆ ಹೋಗುತ್ತದೆ.

ವಾರ ಬಿಟ್ಟು ಹೋದರೆ ಮಲ್ಲೇಶಪ್ಪ ಕುಲುಮೆಯ ಶೆಡ್ಡಿನಲ್ಲಿಲ್ಲ. ಅವನ ರಕ್ತದಲ್ಲಿ ಸೀಸ ಮಿತಿ ಮೀರಿತ್ತು, ಈಗ ಪ್ಯಾಕಿಂಗಿನಲ್ಲಿದ್ದಾನೆ. ಇನ್ನಾದರೂ ನೆಮ್ಮದಿಯೇ ಎಂದರೆ ಕೃಷ್ಣವೇಣಿ ಇಲ್ಲವೆಂದು ತಲೆಯಾಡಿಸುತ್ತಾರೆ. ಎದುರಿಗೆ ಡಿಸೆಂಬರಿನ ಹಳೆಯ ಪಟ್ಟಿ ಹರಡಿದೆ. ಅದಕ್ಕೂ ಅದೇ ಸೂತ್ರ. ಇಪ್ಪತ್ತೇಳು ಖಾಲಿ ಜಾಗ. ಹಳೇ ಕಥೆ ಬಿಡಿ ಎಂದರಂತೆ ಸಾಹೇಬರು. ಈಕೆ ಬಿಡುವವರಲ್ಲ. ಇಪ್ಪತ್ನಾಲ್ಕು ಮಂದಿಯನ್ನು ಹುಡುಕಿ ಆಗಿದೆ.

"ಮೂರು ಮಂದಿ ಕೆಲಸಾ ಬಿಟ್ಟು ಹೋಗ್ಯಾರ್ರಿ. ಒಬ್ಬಂವ ಕಾಮಠಿಯಾಗ ಮಗ್ಗದ ಕೆಲಸಕ್ಕ ಸೇರ್ಯಾನಂತ. ರವಿವಾರ ಹೊಂಟೀನಿ."

ಹೋಗಿ ಏನು ಹೇಳುತ್ತೀರಿ?

"ಏನ್ ಹೇಳ್ಲಿ? ತಪ್ಪು ನಂದು, ನಿನ್ನ ರಕ್ತಾ ಇನ್ನೂ ಯಾರೂ ನೋಡಿಲ್ಲ, ಏಳಪಾ, ನಡಿ ದವಾಖಾನಿಗೆ ಅಂತೀನಿ."