ಒತ್ತಾಯ ಮಾಡುವ ಕೆಲಸ

ಕಾಲೇಜಿನ ಎರಡನೇ ವರ್ಷದಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಏನು ಕೆಲಸ ಅಂತ ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ. ಉಣ್ಣಲು ಕೂತವರಿಗೆ ‘ಇನ್ನೊಂದು ಹಾಕಿಸ್ಕೋರಿ’ ಎಂದು ಒತ್ತಾಯ ಮಾಡುವುದು. ಅಷ್ಟೇ. ಅದಕ್ಕೆ ಸಂಬಳ.

ನಮ್ಮ ಮನೆ ಮುಂಬೈನ ದಹಿಸರಿನಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದು ಬಾಂದ್ರಾದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ ನೆಲೆ ನಿಂತವನು. ಕೈಖರ್ಚಿಗೆ ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಕೊಡುವ ಮೊದಲು ಒಂದು ವಿಚಾರಣೆ ನಡೆಯುತ್ತಿತ್ತು. ಯಾಕೆ, ಯಾರ ಜೊತೆ, ಆ ವಡಾಪಾವ್ ತಿನ್ನದಿದ್ದರೆ ಜೀವ ಹೋಗುತ್ತದೆಯೇ? ಇದಕ್ಕಿಂತ ನಾನೇ ದುಡಿಯುವುದು ವಾಸಿ ಅನ್ನಿಸಿ ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

“ನಾ ಇನ್ನೂ ಗಟ್ಟಿ ಅದೀನಿ,” ಅಂದ ಅಪ್ಪ. “ಓದೂ ಹುಡುಗ ದುಡ್ಯಾಕ ಹೋದ್ರ ಮಂದಿ ನನಗ ಏನಂತಾರ? ಮಗನ್ನ ಓದಸೂ ತಾಕತ್ತ ಇಲ್ಲ ಅಂತಾರ. ಆ ಮಾತ ಬಿಟ್ಟ ಬಿಡು.”

ಮಾತು ಬಿಟ್ಟೆ. ಕೆಲಸ ಹಿಡಿದೆ.

ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿ ಕರಾವಳಿ ಕಡೆಯವರೊಬ್ಬರು ಕೇಟರಿಂಗ್ ನಡೆಸುತ್ತಿದ್ದರು. ಅಡುಗೆಯಲ್ಲಿ ಎತ್ತಿದ ಕೈ. ಆದರೆ ನಮ್ಮ ಉತ್ತರ ಕರ್ನಾಟಕದವರ ಮದುವೆಯೊಂದನ್ನು ಒಪ್ಪಿಕೊಂಡು, ಪಾಪ, ಹೆಸರು ಕೆಡಿಸಿಕೊಂಡಿದ್ದರು. ಆದದ್ದಿಷ್ಟೇ. ಅವರ ಹುಡುಗರು ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಬಂದರು. ಉಣ್ಣುವವರು ‘ಬ್ಯಾಡ್ರಿ, ಸಾಕ್ರಿ’ ಅಂದರು. ಹುಡುಗರು ಅದನ್ನು ನಂಬಿ ಮುಂದೆ ಹೋಗಿಬಿಟ್ಟರು! ನಮ್ಮಲ್ಲಿ ಮೊದಲ ‘ಸಾಕು’ ಬರೀ ಮಾತಿಗೆ. ಎರಡನೆಯದು ಮರ್ಯಾದೆಗೆ. ಮೂರನೆಯ ಸಲ ಕೇಳಿದಾಗ ಹಾಕಿಸಿಕೊಳ್ಳುವುದು. ಮೂರನೆಯ ಸಲ ಯಾರೂ ಕೇಳಲೇ ಇಲ್ಲ. ಮಂದಿ ಅರೆಹೊಟ್ಟೆಯಲ್ಲಿ ಎದ್ದು, ‘ಕೇಳೋರಿಲ್ಲದ ಊಟ’ ಎಂದು ಆಡಿಕೊಳ್ಳುತ್ತ, ಸ್ಟೇಷನ್ ಎದುರು ಪಾವ್‌ಭಾಜಿ ತಿಂದು ಲೋಕಲ್ ಹತ್ತಿದರು. ಇತ್ತ ಅಡುಗೆಮನೆಯಲ್ಲಿ ಹೋಳಿಗೆ ರಾಶಿ ಬಿದ್ದಿತ್ತು.

“ಬೇಡ ಅಂದವರಿಗೆ ಹಾಕುವುದು ಹೇಗೆ ಮಾರಾಯಾ?” ಎಂದು ಮಾಲೀಕರು ನನ್ನ ಮುಂದೆ ಗೋಳಾಡಿದರು. “ನಿಮ್ಮವರ ಬಾಯಲ್ಲಿ ಒಂದು, ಹೊಟ್ಟೆಯಲ್ಲಿ ಇನ್ನೊಂದು ಉಂಟಲ್ಲ!”

ನಾನು ಕೇಳುತ್ತೇನೆ, ನನ್ನನ್ನು ಇಟ್ಟುಕೊಳ್ಳಿ ಅಂದೆ. ಇಟ್ಟುಕೊಂಡರು.

ಮನೆಗೆ ಬಂದವರಿಗೆ ಅವ್ವ ಬಡಿಸುವುದನ್ನು ನೋಡಿ ಬೆಳೆದವನಿಗೆ ಇದೇನು ಮಹಾ. ಬಾಯಿಯನ್ನು ನೋಡಬಾರದು, ಕೈ ನೋಡಬೇಕು. ಎಲೆಗೆ ಅಡ್ಡ ಹಿಡಿದ ಬೆರಳುಗಳ ನಡುವೆ ಸಂದಿ ಇದ್ದರೆ ಹೋಳಿಗೆ ಬೇಕು ಅಂತಲೇ ಅರ್ಥ. ಸಂದಿ ಇಲ್ಲದಿದ್ದರೆ ‘ಅರ್ಧಾರೆ ಹಾಕಿಸ್ಕೋರಿ’ ಅನ್ನಬೇಕು, ಹಾಕುವಾಗ ಇಡೀ ಹಾಕಬೇಕು. ಅದಕ್ಕೂ ಬಗ್ಗದವರ ಮುಂದೆ ಮುಖ ಸಣ್ಣದು ಮಾಡಿ ‘ಅಡಿಗಿ ಸೇರಲಿಲ್ಲೇನ್ರಿ?’ ಎಂದು ಕೇಳಿದರೆ ಎಂಥ ಗಟ್ಟಿ ಆಸಾಮಿಯೂ ಕೈ ತೆಗೆಯುತ್ತಿದ್ದ. ಮಾಲೀಕರ ಹೆಸರು ಮತ್ತೆ ಮೇಲೆ ಬಂತು. ನಾನು ಗೆಳೆಯರಿಗೆ ವಡಾಪಾವ್ ಕೊಡಿಸುವಷ್ಟು ದೊಡ್ಡ ಮನುಷ್ಯನಾದೆ. ಮನೆಯಲ್ಲಿ ಮಾತ್ರ, ಭಾನುವಾರ ಬಂತೆಂದರೆ, ಕಾಲೇಜಿನ ಪ್ರಾಜೆಕ್ಟ್ ಎಂದು ಹೇಳಿ ಹೊರಬೀಳುತ್ತಿದ್ದೆ.

ಮುಂಬೈ ದೊಡ್ಡದು. ಆದರೆ ನಮ್ಮ ಮಂದಿಯ ಮುಂಬೈ ಒಂದು ಓಣಿಯಷ್ಟೇ. ಇದು ನನ್ನ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಒಂದು ಮದುವೆಯ ಮೂರನೇ ಪಂಕ್ತಿಯಲ್ಲಿ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರ ಪಕ್ಕ, ಇಸ್ತ್ರಿ ಅಂಗಿ ಹಾಕಿಕೊಂಡು ಅಪ್ಪ ಕೂತಿದ್ದ.

ಬೈದರೆ ಬೈಯಲಿ, ಬೈಸಿಕೊಂಡು ರೂಢಿ ಇತ್ತು. ಕೆಲಸ ಹೋದರೆ ಹೋಗಲಿ. ತನ್ನವರೆಲ್ಲ ಕೂತ ಪಂಕ್ತಿಯಲ್ಲಿ, ನನ್ನಿಂದಾಗಿ, ಅಪ್ಪನ ತಲೆ ತಗ್ಗಿದರೆ? ಆ ಸಾಲನ್ನೇ ಬಿಟ್ಟು ಆಚೆ ಹೋಗೋಣ ಎಂದು ತಿರುಗಿದೆ.

“ಅಲ್ಲಿ ಕೇಳು ಮಾರಾಯಾ!” ಮಾಲೀಕರು ಬಾಗಿಲಿನಿಂದಲೇ ಕೂಗಿದರು. “ಆ ಇಸ್ತ್ರಿ ಅಂಗಿಯವರು ಏನೂ ತಿನ್ನಲಿಲ್ಲ!”

ತಲೆ ತಗ್ಗಿಸಿಕೊಂಡು ಹೋಗಿ ನಿಂತೆ. ಅಪ್ಪ ನನ್ನ ಮುಖ ನೋಡಲಿಲ್ಲ. ಎಲೆಗೆ ಕೈ ಅಡ್ಡ ಹಿಡಿದು “ಸಾಕು” ಅಂದ. ಸುಮ್ಮನೆ ಮುಂದೆ ಹೋಗಬಹುದಿತ್ತು. ಆದರೆ ರೂಢಿಬಿದ್ದ ಬಾಯಿ ಕೇಳಬೇಕಲ್ಲ.

“ಒಂದ ಹಾಕಿಸ್ಕೋರಿ. ಅಡಿಗಿ ಸೇರಲಿಲ್ಲೇನ್ರಿ?”

ಆ ದನಿಗೆ ಅಪ್ಪ ತಲೆ ಎತ್ತಿದ. ನನ್ನ ಏಪ್ರನ್, ಕೈಗವಸು, ಬುಟ್ಟಿ, ಒಂದೊಂದನ್ನೂ ನೋಡಿದ. ಮುಖ ಕೆಂಪಗಾಯಿತು. ಎಲೆಯ ಮೇಲಿನ ಕೈ ಅಲ್ಲಾಡಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

“ಹಾಕಿಸ್ಕೋರಿ ಸಾಹೇಬ್ರ,” ಅಂದರು ಪಕ್ಕದ ಹಿರಿಯರು. “ಈ ಹುಡುಗ ಬಿಡಾಂವ ಅಲ್ಲ. ಹೋದ ಮದುವ್ಯಾಗ ನನಗೂ ಹಂಗ ಹಾಕ್ಯಾನ. ಮುಂಬೈದಾಗ ಇಷ್ಟ ಕೇಳಿ ಬಡಸೂ ಹುಡುಗ್ರು ಎಲ್ಲಿ ಸಿಗ್ತಾರ? ಯಾರ ಮಗಾನೋ ಏನೋ.”

ಅಪ್ಪ ನೀರು ಕುಡಿದ. ಲೋಟ ಕೆಳಗಿಡುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು.

“ನನ್ನ ಮಗರೀ,” ಅಂದ. ಎದುರಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಅಂದ. “ಕಾಲೇಜ್ ಓದತಾನ. ಸೂಟಿ ಇದ್ದಾಗ ಈ ಕೆಲಸಾನೂ ಮಾಡ್ತಾನ.”

ಕೈ ತೆಗೆದ. ನಾನು ಹೋಳಿಗೆ ಹಾಕಿದೆ. ನನ್ನ ಕಣ್ಣು ತುಂಬಿ ಬಂದಿತ್ತು. ಅಪ್ಪನ ಮೇಲೆ ಅಷ್ಟೊಂದು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟೆ.

“ಇಲ್ಲೇ ಏನ ನಿಂತಿ?” ಅಪ್ಪ ಹೋಳಿಗೆ ಮುರಿಯುತ್ತ ಗದರಿದ. “ಅಲ್ಲಿ ಮೂಲ್ಯಾಗ ಕುಂತ ಅಜ್ಜೀದು ಎಲಿ ಖಾಲಿ ಆಗೇತಿ. ಲಗೂನ ಹೋಗು. ಬ್ಯಾಡ ಅಂತಾಳ, ಕೇಳಬ್ಯಾಡ.”