ಮುನಿಲಕ್ಷ್ಮಮ್ಮ ಹೇಳಿದ ಸುಳ್ಳು

ಸುಬ್ರಹ್ಮಣ್ಯಪುರದ ನಮ್ಮ ಬೀದಿಯಲ್ಲಿ ಮುನಿಲಕ್ಷ್ಮಮ್ಮನ ಬಾಯಿಗೆ ಹೆದರದವರಿಲ್ಲ. ನೀರಿನ ಟ್ಯಾಂಕರಿನವನು ಕೂಡ ಆಕೆಯನ್ನು ಕಂಡರೆ ಹಾರನ್ ಹೊಡೆಯುವುದಿಲ್ಲ. ಇಲ್ಲಿ ರಾಗಿ ಹೊಲಗಳಿದ್ದ ಕಾಲಕ್ಕೆ ಸೊಸೆಯಾಗಿ ಬಂದವಳು. ಹೊಲವೆಲ್ಲ ಲೇಔಟ್ ಆದಮೇಲೆ ಬನಶಂಕರಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಆಯಾ ಆಗಿ ಸೇರಿ ಇಪ್ಪತ್ತಾರು ವರ್ಷ ದುಡಿದಿದ್ದಾಳೆ. ನನ್ನ ಇಬ್ಬರು ಮಕ್ಕಳನ್ನೂ ಹುಟ್ಟಿದ ಕೂಡಲೇ ಒರೆಸಿದ್ದು ಆಕೆಯೇ. ಎರಡನೆಯವನನ್ನು ನನ್ನ ಕೈಗಿಡುತ್ತ, "ಅಪ್ಪನ ಮೂಗೇ ಬಂದೈತೆ, ಏನ್ ಮಾಡೋಕಾಗುತ್ತೆ" ಅಂತ ಸಮಾಧಾನ ಹೇಳಿದ್ದಳು.

ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಈ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳುತ್ತಿದ್ದಳು. ಹುಟ್ಟಿ ನಾಲ್ಕು ಉಸಿರಾಡಿ ಹೋಗಿಬಿಡುವ ಮಕ್ಕಳಿರುತ್ತವಲ್ಲ, ಅವುಗಳ ತಾಯಂದಿರು ಎಚ್ಚರವಾಗಿ ಕೇಳಿದರೆ, "ಅಳಲೇ ಇಲ್ಲ ಕಣಮ್ಮ, ಒಳಗೇ ಹೋಗ್ಬಿಟ್ಟಿತ್ತು" ಅನ್ನುತ್ತಿದ್ದಳು. ಅತ್ತಿತ್ತು ಅಂದರೆ ಆ ಅಳು ತಾಯಿಯ ಕಿವಿಯಲ್ಲಿ ಸಾಯುವವರೆಗೂ ಕೂತುಬಿಡುತ್ತದೆ ಅನ್ನುವುದು ಆಕೆಯ ನಂಬಿಕೆ. ಅದು ಕರುಣೆ ಅಂತ ನಾನೂ ಒಪ್ಪಿದ್ದೆ. ಈಗ ಒಪ್ಪುವುದಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಂಜನಾಪುರದ ಬಿಂದುಶ್ರೀ ಎಂಬ ಹುಡುಗಿ ಆಟೋದಲ್ಲಿ ಆ ನರ್ಸಿಂಗ್ ಹೋಮಿಗೆ ಬಂದಳು. ಏಳು ತಿಂಗಳಿಗೇ ನೋವು ಶುರುವಾಗಿತ್ತು. ಗಂಡ ಮೋಹಿತ್ ಹುಳಿಮಾವಿನ ಹತ್ತಿರ ಲಾರಿಗೆ ಸಿಕ್ಕಿ ಸತ್ತು ಇಪ್ಪತ್ತು ದಿನವೂ ಆಗಿರಲಿಲ್ಲ. ಡಾಕ್ಟರು ಟ್ರಾಫಿಕ್ಕಿನಲ್ಲಿದ್ದರು. ಅಷ್ಟರಲ್ಲಿ ಮಗು ಬಂದೇಬಿಟ್ಟಿತು, ಗಂಡು. ತಾಯಿಗೆ ರಕ್ತ ನಿಲ್ಲದೆ ಪ್ರಜ್ಞೆ ತಪ್ಪುತ್ತಿತ್ತು, ಇದ್ದ ಒಬ್ಬಳು ನರ್ಸ್ ಅವಳನ್ನು ನೋಡಿಕೊಂಡಳು. ಮಗು ಮುನಿಲಕ್ಷ್ಮಮ್ಮನ ಕೈಗೆ ಬಂತು. ಬೆಕ್ಕಿನ ಮರಿಯ ಹಾಗೆ ಎರಡು ಸಲ ಅತ್ತಿತು, ಆ ಗಡಿಬಿಡಿಯಲ್ಲಿ ನರ್ಸಿಗೂ ಕೇಳಿಸಲಿಲ್ಲ. ಆಕೆ ಎದೆ ಉಜ್ಜಿದಳು, ಬೆಚ್ಚಗೆ ಸುತ್ತಿದಳು. ಹತ್ತು ನಿಮಿಷಕ್ಕೆ ಉಸಿರು ನಿಂತಿತು.

ಡಾಕ್ಟರು ಓಡಿ ಬಂದು "ಅತ್ತಿತಾ?" ಅಂತ ಕೇಳುವ ಹೊತ್ತಿಗೆ ಬಿಂದುಶ್ರೀ ಕಣ್ಣು ಬಿಟ್ಟಿದ್ದಳು. ಅವಳ ಮುಖ ನೋಡಿ ಮುನಿಲಕ್ಷ್ಮಮ್ಮ ಅಭ್ಯಾಸದಂತೆ "ಇಲ್ಲ" ಅಂದಳು. ಸತ್ತು ಹುಟ್ಟಿದ ಮಗು ಅಂತ ಹೆರಿಗೆಯ ಪುಸ್ತಕದಲ್ಲಿ ದಾಖಲಾಯಿತು.

ನಾಲ್ಕು ತಿಂಗಳ ನಂತರ ಬಿಂದುಶ್ರೀಯ ಲಾಯರ್ ಗೌರೀಶಂಕರ ದಾಖಲೆ ಕೇಳಿಕೊಂಡು ನರ್ಸಿಂಗ್ ಹೋಮಿಗೆ ಬಂದರು. ಮೋಹಿತ್ ವಿಲ್ ಬರೆಯದೆ ಸತ್ತಿದ್ದ. ಅವನ ಹೆಸರಿನ ಮನೆಯಲ್ಲಿ ಅವನ ತಾಯಿಗೆ ಅರ್ಧ, ಹೆಂಡತಿಗೆ ಅರ್ಧ. ಮನೆ ಮಾರಿ ತನ್ನ ಭಾಗ ಕೊಡಿ ಅಂತ ಅತ್ತೆ ಕೇಸು ಹಾಕಿದ್ದಳು.

"ಹೊಟ್ಟೇಲಿದ್ದ ಮಗೂಗೂ ಅಪ್ಪನ ಆಸ್ತೀಲಿ ಪಾಲಿರುತ್ತೆ ಕಣಮ್ಮ, ಆದ್ರೆ ಜೀವಂತ ಹುಟ್ಟಬೇಕು," ಅಂದರು ಲಾಯರು ಮುನಿಲಕ್ಷ್ಮಮ್ಮನಿಗೆ. "ಒಂದು ಉಸಿರು ಆಡಿದ್ರೂ ಸಾಕಿತ್ತು. ಮನೆ ಮೂರು ಪಾಲಾಗಿ, ಮಗೂದೂ ಸೇರಿ ಎರಡು ಪಾಲು ಆ ಹುಡುಗೀಗೆ ಬರ್ತಿತ್ತು. ಅತ್ತೆಗೆ ಒಂದು ಪಾಲಿನ ದುಡ್ಡು ಕೊಟ್ಟು ಹೇಗೋ ಮನೆ ಉಳಿಸ್ಕೋತಿದ್ಲು. ಸತ್ತು ಹುಟ್ಟಿದ್ರೆ ಕಾನೂನಿನ ಪ್ರಕಾರ ಅದು ಹುಟ್ಟೇ ಇಲ್ಲ."

ಹುಟ್ಟೇ ಇಲ್ಲ ಅನ್ನುವ ಮಾತು ಮುನಿಲಕ್ಷ್ಮಮ್ಮನಿಗೆ ನಾಟಿತು. ಮೂರು ದಿನ ಬೀದಿಯಲ್ಲಿ ಯಾರನ್ನೂ ಬೈಯಲಿಲ್ಲ. ನಾಲ್ಕನೇ ದಿನ ನನಗೆ ಎಲ್ಲವನ್ನೂ ಹೇಳಿ, ಜೊತೆಗೆ ಕರೆದುಕೊಂಡು ಜಯನಗರದ ಲಾಯರ ಆಫೀಸಿಗೆ ಹೋದಳು. ಬಿಂದುಶ್ರೀಯೂ ಅಲ್ಲಿದ್ದಳು. ಅವಳನ್ನು ಕಂಡು ವಾಪಸ್ ಹೋಗೋಣವೆಂದು ನಾನು ಮುನಿಲಕ್ಷ್ಮಮ್ಮನ ಕೈ ಎಳೆದೆ. ಆಕೆ ಬಿಡಿಸಿಕೊಂಡಳು.

"ಸಾರ್, ಮಗು ಅತ್ತಿತ್ತು. ಎರಡು ಸಲ. ಹತ್ತು ನಿಮಿಷ ನನ್ನ ಕೈಲಿತ್ತು. ಅವತ್ತು ನಾನು ಸುಳ್ಳು ಹೇಳ್ದೆ."

ಲಾಯರು ತಡಬಡಾಯಿಸಿ ಪೆನ್ನು ಹುಡುಕಿದರು. "ಕೋರ್ಟಲ್ಲಿ ಹೇಳ್ತೀರಾ? ಅವತ್ತಿಂದು ಸುಳ್ಳಾ, ಇವತ್ತಿಂದಾ ಅಂತ ಆ ಕಡೆಯವರು ಹಿಂಡಿ ಹಾಕ್ತಾರೆ. ಕೆಲಸಾನೂ ಹೋಗ್ಬೋದು."

"ಹೋಗ್ಲಿ ಸಾರ್, ಹೇಳ್ತೀನಿ."

ಅವರು ಬರೆದುಕೊಳ್ಳತೊಡಗಿದರು. ಬಿಂದುಶ್ರೀ ಮಾತ್ರ ಮುನಿಲಕ್ಷ್ಮಮ್ಮನನ್ನೇ ನೋಡುತ್ತಿದ್ದಳು.

"ಹತ್ತು ನಿಮಿಷಾನಾ?"

"ಹ್ಞೂ ಕಣಮ್ಮ. ಇನ್ನು ನಿನ್ ಮನೆ ಉಳಿಯುತ್ತೆ ಅಂತ..."

"ಮನೆ ಬಿಡಿ ಆಂಟಿ," ಅಂದಳು ಬಿಂದುಶ್ರೀ. "ನಾನು ಪಕ್ಕದಲ್ಲೇ ಮಲಗಿದ್ನಲ್ಲ. ಹತ್ತು ನಿಮಿಷ ಇದ್ದ ಅಂತೀರ. ನನ್ನ ಎದೆ ಮೇಲೆ ಯಾಕೆ ಹಾಕ್ಲಿಲ್ಲ?"