ಕೋಣೆಯಲ್ಲಿ ಎರಡನೇ ದನಿ

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದಿನ ರಸ್ತೆಯಲ್ಲಿರುವ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ಅರ್ಧ ಆಯುಷ್ಯ ಅಲ್ಲೇ ಸವೆದಿದೆ. ಕಿಟಕಿ ತೆರೆದರೆ ಬಸ್ಸಿನ ಹಾರನ್, ಮುಚ್ಚಿದರೆ ಸೆಕೆ. ಎರಡರ ನಡುವೆ ಕಿರುಚಿ ಕಿರುಚಿ ನನ್ನ ದನಿ ಸೊಪ್ಪು ಮಾರುವವರ ದನಿಯಂತಾಗಿದೆ. ಪರೀಕ್ಷೆಗಳ ಮೇಲೆ ನನಗೆ ಸಿಟ್ಟು ಬರುವುದು ಹೊಸದಲ್ಲ. ಉತ್ತರ ಪತ್ರಿಕೆಗಳ ಕಟ್ಟು ಕಂಡರೆ ಈಗಲೂ ತಲೆ ಸಿಡಿಯುತ್ತದೆ. ಆದರೆ ಒಂದು ಪರೀಕ್ಷೆಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಅದಕ್ಕೆ ಕೂತವಳು ಹತ್ತನೇ ಕ್ಲಾಸಿನ ನನ್ನ ವಿದ್ಯಾರ್ಥಿನಿ.

ಒಂದು ಟ್ರಸ್ಟಿನವರು ಶಾಲೆಗೆ ಬಂದು ಯೋಜನೆಯೊಂದನ್ನು ವಿವರಿಸಿದರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಮೇಲಿನ ದರ್ಜೆ ಮುಟ್ಟಿದವರಿಗೆ ಕಲ್ಯಾಣ ನಗರದ ಒಳ್ಳೆಯ ಕಾಲೇಜೊಂದರಲ್ಲಿ ಪಿಯುಸಿ ವಿಜ್ಞಾನದ ಸೀಟು, ಓದಿನ ಪೂರ್ತಿ ಖರ್ಚು ಟ್ರಸ್ಟಿನದು. ಇಂಗ್ಲಿಷಿಗೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ಕೇಳಿದೆ. ಟೈ ಕಟ್ಟಿಕೊಂಡಿದ್ದ ಯುವಕ ನಕ್ಕು, "ಕಮ್ಯುನಿಕೇಷನ್ ಮುಖ್ಯ ಮೇಡಂ" ಎಂದ. ಹೆಡ್ ಮಿಸ್ ನನ್ನ ಕಡೆ ಕಣ್ಣು ಬಿಟ್ಟರು.

ಮೊದಲ ಸುತ್ತು ಓದುವುದು, ಬರೆಯುವುದು. ಸಮುದ್ರ ಕಾಣುವ ರೂಮು ಕೊಡುತ್ತೇವೆಂದು ಹೇಳಿ ಗೋಡೆ ಕಾಣುವ ರೂಮು ಕೊಟ್ಟ ಹೋಟೆಲಿನ ಮ್ಯಾನೇಜರಿಗೆ ದೂರಿನ ಪತ್ರ ಬರೆಯಬೇಕಿತ್ತು. ನಮ್ಮ ಮಕ್ಕಳಲ್ಲಿ ಹೋಟೆಲಿನಲ್ಲಿ ದೋಸೆ ತಿಂದವರಿದ್ದಾರೆ, ಮಲಗಿದವರಿಲ್ಲ. ಬಹುಪಾಲು ಮಕ್ಕಳು ಗೋಡೆಯನ್ನೇ ಹೊಗಳಿ ಬಂದರು. ಈ ಹುಡುಗಿ ಮಾತ್ರ ಮ್ಯಾನೇಜರನ್ನು ನೀಟಾಗಿ ಜಾಡಿಸಿದ್ದಳು. ಹೇಗೆ ಹೊಳೆಯಿತು ಎಂದು ಕೇಳಿದರೆ, "ನೀರಿನ ಟ್ಯಾಂಕರ್‌ನೋರ ಹತ್ರ ಅಮ್ಮ ಜಗಳ ಆಡ್ತಾರಲ್ಲ ಮಿಸ್, ಅದನ್ನೇ ಇಂಗ್ಲಿಷಲ್ಲಿ ಬರ್ದೆ" ಎಂದಳು. ನಮ್ಮ ಶಾಲೆಯಿಂದ ಎರಡನೇ ಸುತ್ತಿಗೆ ಆಯ್ಕೆಯಾದದ್ದು ಅವಳೊಬ್ಬಳೇ.

ಎರಡನೇ ಸುತ್ತು ಮಾತಿನದು. ಕಂಪ್ಯೂಟರಿನ ಮುಂದೆ ಕೂರಬೇಕು. ಪರದೆಯ ಮೇಲೆ ವಿಷಯ ಬರುತ್ತದೆ. ಒಂದು ಸದ್ದು ಆದ ಮೇಲೆ ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ಎದುರಿಗೆ ಮನುಷ್ಯರಿರುವುದಿಲ್ಲ. ದನಿ ಎಲ್ಲಿಗೋ ಹೋಗಿ, ಯಾರೋ ಆಮೇಲೆ ಕೇಳಿ ಅಂಕ ಕೊಡುತ್ತಾರೆ.

ಅವಳಿಗೆ ಈ ಸೀಟು ಯಾಕೆ ಬೇಕಿತ್ತೆಂದರೆ ಬೇರೆ ದಾರಿ ಮುಚ್ಚಿತ್ತು. ಅವಳಪ್ಪ ಶಾಲಾ ವ್ಯಾನಿನ ಡ್ರೈವರ್. ಸರ್ಕಾರಿ ಕಾಲೇಜಿಗಾದರೂ ಸೇರಿಸಿ ಎಂದು ನಾನು ಗೋಗರೆದಾಗ ಆತ ಸಮಾಧಾನದಿಂದಲೇ ಹೇಳಿದ. "ಇವಳ ಅಣ್ಣ ಅಲ್ಲೇ ಓದಿದ್ದು ಮೇಡಂ. ಈಗ ಅಪಾರ್ಟ್‌ಮೆಂಟ್‌ಗಳಿಗೆ ಊಟ ತಲುಪಿಸ್ತಾವ್ನೆ. ಅದಕ್ಕೆ ಕಾಲೇಜ್ ಯಾಕೆ ಬೇಕಿತ್ತು ಹೇಳಿ. ಆ ದೊಡ್ಡ ಕಾಲೇಜಲ್ಲಿ ಸೀಟು ಸಿಕ್ರೆ ಓದ್ಲಿ, ನಾನು ಬೇಡ ಅನ್ನಲ್ಲ. ಇಲ್ಲಾಂದ್ರೆ ಶಿವಾಜಿನಗರದಲ್ಲಿ ಅವಳ ಚಿಕ್ಕಮ್ಮ ಕೆಲಸ ಮಾಡೋ ಬಟ್ಟೆ ಅಂಗಡಿಗೆ ಹೋಗ್ಲಿ." ಜಗಳವಾಡುವವರ ಜೊತೆ ನಾನು ಗೆಲ್ಲಬಲ್ಲೆ. ಸಮಾಧಾನದಿಂದ ಮಾತಾಡುವವರ ಎದುರು ಸೋಲುತ್ತೇನೆ.

ನಾನು ಹುಡುಗಿಗೆ ದಿನಾ ಸಂಜೆ ಮನೆಯಲ್ಲಿ ಯಾರಿಗಾದರೂ ಇಂಗ್ಲಿಷಿನಲ್ಲಿ ಕತೆ ಹೇಳು ಎಂದೆ. "ಯಾರಿಗೆ ಮಿಸ್? ಯಾರಿಗೂ ಬರಲ್ಲ" ಎಂದಳು. ಬರದಿದ್ದರೂ ಪರವಾಗಿಲ್ಲ, ಅಮ್ಮನಿಗೆ ಹೇಳು ಎಂದೆ.

ಅದು ಹೇಗೆ ನಡೆಯುತ್ತಿದೆ ನೋಡೋಣ ಎಂದು ಒಂದು ಸಂಜೆ ರಾಮಮೂರ್ತಿ ನಗರದ ಅವರ ಮನೆಗೆ ಹೋದೆ. ಒಂದೇ ಕೋಣೆ, ಗೋಡೆಯಲ್ಲಿ ಬುದ್ಧನ ಪಟ, ಬಾಗಿಲ ಬಳಿ ಬೆಳ್ಳುಳ್ಳಿ ಮೂಟೆ. ತಾಯಿ ಹಲಸೂರಿನ ಒಂದು ಹೋಟೆಲಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಾಳೆ. ಅವಳು ಕಾಲು ಚಾಚಿ ಕೂತು ಸುಲಿಯುತ್ತಿದ್ದಳು, ಎದುರಿಗೆ ಮಗಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಒಂದೊಂದು ವಾಕ್ಯ ಮುಗಿದಾಗಲೂ ತಾಯಿ ಸಿಪ್ಪೆಯಿಂದ ಕಣ್ಣೆತ್ತದೆ "ಹೂಂ" ಎನ್ನುತ್ತಿದ್ದಳು. ಮಗಳ ದನಿ ಏರಿದರೆ "ಹೌದಾ?", ಇಳಿದರೆ "ಅಯ್ಯೋ ಪಾಪ", ನಿಂತರೆ "ಹೂಂ, ಆಮೇಲೆ?" ಅವಳಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೆ ಒಂದು ಹೂಂ ಕೂಡ ತಪ್ಪು ಜಾಗದಲ್ಲಿ ಬೀಳಲಿಲ್ಲ. ನಾನು ಇಷ್ಟು ವರ್ಷ ಕೂಗಾಡಿ ಯಾವ ಮಗುವಿನ ಬಾಯಲ್ಲೂ ಬರಿಸಲಾಗದ ಇಂಗ್ಲಿಷು ಆ ಬೆಳ್ಳುಳ್ಳಿ ಘಾಟಿನಲ್ಲಿ ಸಲೀಸಾಗಿ ಹರಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಮರುದಿನ ಶಾಲೆಯಲ್ಲಿ ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟು, "ಮಾತಾಡು, ನಾನು ಏನೂ ಅನ್ನಲ್ಲ" ಎಂದೆ. ಮೂರು ವಾಕ್ಯ ಬಂತು. ಆಮೇಲೆ ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ನಿಂತಳು. ಮತ್ತೆ ಮಾಡಿಸಿದೆ, ಮತ್ತೆ ಅಲ್ಲೇ ನಿಂತಳು. ಯಾಕೆ ನಿಲ್ಲಿಸ್ತೀಯಾ ಎಂದು ರೇಗಿದೆ.

"ನೀವು ಕೋಪ ಮಾಡ್ಕೊಂಡಿರೋ ಹಾಗೆ ಅನ್ಸತ್ತೆ ಮಿಸ್. ಕೇಳ್ತಾನೇ ಇಲ್ವೇನೋ ಅನ್ಸತ್ತೆ."

ಅಲ್ಲಿಗೆ ನನಗೆ ಅರ್ಥವಾಯಿತು. ನಮ್ಮಲ್ಲಿ ಹೂಂಗುಟ್ಟದವರಿಗೆ ಕತೆ ಹೇಳುವವರು ಯಾರು? ನನ್ನ ಅಜ್ಜಿ ನಾನು ಹೂಂ ಅನ್ನುವುದು ನಿಲ್ಲಿಸಿದ ಕೂಡಲೇ ಮಗು ಮಲಗಿತೆಂದು ಎದ್ದುಹೋಗುತ್ತಿದ್ದಳು. ಕೇಳುವವರ ಪಾಲು ಅದು, ಕೊಡಲೇಬೇಕು. ಈ ಪರೀಕ್ಷೆ ಮಾಡಿದವರಿಗೆ ಅದು ಗೊತ್ತಿಲ್ಲ. ಗೋಡೆಗೆ ಮಾತಾಡಲು ಬರುವವರನ್ನು ಅವರು ಜಾಣರು ಎನ್ನುತ್ತಾರೆ.

ಉಳಿದ ದಿನಗಳಲ್ಲಿ ನಾನು ಆ ಹುಡುಗಿಗೆ ಗೋಡೆಗೆ ಮಾತಾಡುವುದನ್ನು ಕಲಿಸಿದೆ. ತುಟಿ ಬಿಗಿದು, ಕಲ್ಲಿನ ಮುಖ ಮಾಡಿಕೊಂಡು ಎದುರಿಗೆ ಕೂರುತ್ತಿದ್ದೆ. ಅವಳು ತಡವರಿಸಿದಾಗ ತಲೆಯಾಡಿಸದಿರಲು ಕುತ್ತಿಗೆ ಗಟ್ಟಿ ಹಿಡಿಯುತ್ತಿದ್ದೆ. ಒಮ್ಮೆ ಅವಳು ಅತ್ತೇಬಿಟ್ಟಳು. ನಾನೂ ಸ್ಟಾಫ್ ರೂಮಿಗೆ ಹೋಗಿ ಅತ್ತೆ. ಒಂದು ನಿಮಿಷ ದಾಟಿದಳು, ಒಂದೂವರೆ ಮುಟ್ಟಿದಳು. ಎರಡು ನಿಮಿಷ ಪೂರ್ತಿ ಒಂದು ಸಲವೂ ಆಗಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ದಿನ ಬಂತು.

ಶಾಲೆಯಲ್ಲಿ ಹಾರನ್ ಗಲಾಟೆ, ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಹಾಗಾಗಿ ಕಲ್ಯಾಣ ನಗರದ ನನ್ನ ಮನೆಯಲ್ಲೇ ಏರ್ಪಾಡು ಮಾಡಿದೆ. ನಿಯಮಗಳು ಮೊದಲೇ ಬಂದಿದ್ದವು. ಟೀಚರುಗಳು ಕೋಣೆಯೊಳಗೆ ಇರುವಂತಿಲ್ಲ. ಹದಿನೆಂಟು ತುಂಬದವರಾದ್ದರಿಂದ ಹೆತ್ತವರಲ್ಲಿ ಒಬ್ಬರು ಕ್ಯಾಮೆರಾಕ್ಕೆ ಕಾಣುವಂತೆ ಹಿಂದೆ ಕೂತಿರಬೇಕು, ಮಾತಾಡಬಾರದು. ತಾಯಿ ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು.

"ಒಳಗೆ ಒಂದು ಮಾತೂ ಆಡ್ಬಾರ್ದು ಅಮ್ಮ, ತಿಳೀತಾ? ಏನೇ ಆಗ್ಲಿ" ಎಂದೆ.

"ಆಡಲ್ಲ ಮಿಸ್. ನಂಗೇನ್ ಇಂಗ್ಲಿಷ್ ಬರತ್ತಾ ಆಡೋಕೆ" ಎಂದು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿ ತೋರಿಸಿದಳು.

ಬಾಗಿಲು ಹಾಕಿಕೊಂಡಿತು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಸದ್ದು ಕೇಳಿಸಿತು, ಹುಡುಗಿ ಶುರು ಮಾಡಿದಳು. ನೀನು ನೋಡುತ್ತಿದ್ದಂತೆಯೇ ಬದಲಾದ ಒಂದು ಜಾಗದ ಬಗ್ಗೆ ಹೇಳು ಎಂದು ವಿಷಯ ಬಂದಿತ್ತೆಂದು ಅವಳ ಮಾತಿನಿಂದ ತಿಳಿಯಿತು. ಮನೆಯ ಮುಂದಿನ ಖಾಲಿ ಸೈಟನ್ನು ಹಿಡಿದುಕೊಂಡಿದ್ದಳು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದದ್ದು, ಬೀದಿಯ ಹೆಂಗಸರೆಲ್ಲ ಬಿಸಿಲು ಕಾಯಿಸುತ್ತಾ ಕೂರುತ್ತಿದ್ದದ್ದು, ಆಮೇಲೆ ಪಾಯ ತೋಡಿದ್ದು. ಚೆನ್ನಾಗಿ ಹೋಗುತ್ತಿತ್ತು. ಅಷ್ಟು ಚೆನ್ನಾಗಿ ಅವಳು ನನ್ನೆದುರು ಯಾವತ್ತೂ ಮಾತಾಡಿರಲಿಲ್ಲ. ಈಗ ನಾಲ್ಕು ಮಹಡಿ ಎದ್ದಿದೆ, ನಮ್ಮ ಕೋಣೆಗೆ ಹಗಲಲ್ಲೂ ದೀಪ ಬೇಕು ಎಂದಳು. ಅಲ್ಲಿ ನಿಂತಳು.

ಕಾದೆ. ಒಳಗೆ ಫ್ಯಾನಿನ ಸದ್ದು ಮಾತ್ರ. ಮಾತಾಡೇ, ಮಾತಾಡೇ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಒಳಗಿನಿಂದ, ಮೆತ್ತಗೆ, ಹುಡುಗಿ ದಿನಾ ಸಂಜೆ ಕೇಳುವ ಅದೇ ದನಿ ಬಂತು. "ಹೂಂ."

ಕೂಡಲೇ ಹುಡುಗಿಯ ಮಾತು ಮತ್ತೆ ಹೊರಟಿತು. ಅಮ್ಮ ಆ ದೀಪದ ಕೆಳಗೆ ಕೂತು ಕೆಲಸ ಮಾಡುವುದನ್ನು, ಬಿಸಿಲನ್ನು ಯಾರೂ ಯಾರಿಗೂ ಮಾರಿರಲಿಲ್ಲ ಆದರೂ ಅದು ಹೋಯಿತು ಎನ್ನುವುದನ್ನು, ಎಲ್ಲ ಹೇಳಿ ಮುಗಿಸಿದಳು. ಮುಗಿದ ಸದ್ದು ಬಂತು. ಪೂರ್ತಿ ಎರಡು ನಿಮಿಷ ಆಗಿತ್ತು.

ಬಾಗಿಲು ತೆರೆದಾಗ ತಾಯಿಯ ಮುಖ ಅರಳಿತ್ತು. ಮಗಳ ಮುಖ ಬಿಳಿಚಿಕೊಂಡಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮೂವರೂ ಕಾಫಿ ಕುಡಿದೆವು. ಮೈಕಿಗೆ ಅಷ್ಟು ಸಣ್ಣ ದನಿ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲಿನ ದಿನಗಳಲ್ಲಿ ಇದನ್ನು ಎಷ್ಟು ಸಲ ಹೇಳಿಕೊಂಡೆನೋ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ. ದೇವರನ್ನು ಅಷ್ಟಾಗಿ ಹಚ್ಚಿಕೊಂಡವಳಲ್ಲ ನಾನು, ಆದರೂ ಆ ದಿನಗಳಲ್ಲಿ ದಾರಿಯಲ್ಲಿ ಸಿಕ್ಕ ಗುಡಿ, ದರ್ಗಾ, ಚರ್ಚು ಯಾವುದಕ್ಕೂ ಕೈ ಮುಗಿಯದೆ ದಾಟಲಿಲ್ಲ.

ಟ್ರಸ್ಟಿನಿಂದ ಫೋನು ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಅದೇ ಟೈ ಯುವಕ. ಕೋಣೆಯಲ್ಲಿ ಎರಡನೇ ದನಿ ಕೇಳಿಸಿದೆ, ಹೊರಗಿನ ಸಹಾಯವೆಂದು ಪರಿಗಣಿಸಿ ಪರೀಕ್ಷೆ ರದ್ದಾಗಿದೆ, ಈ ವರ್ಷ ಇನ್ನೊಂದು ಅವಕಾಶವಿಲ್ಲ ಎಂದು ಕನ್ನಡದಲ್ಲೇ ಹೇಳಿದ.

"ಏನು ಸಹಾಯ ರೀ? ಆ ತಾಯಿಗೆ ಇಂಗ್ಲಿಷೇ ಬರಲ್ಲ. ಹೂಂ ಅಂದ್ರು, ಅಷ್ಟೇ."

"ಹೂಂ ಮೇಡಂ."

"ಅದೇನ್ ಉತ್ತರ ಹೇಳ್ಕೊಟ್ಟ ಹಾಗಾ? ನಮ್ ಕಡೆ ಮಾತು ಕೇಳೋರು ಹೂಂ ಅಂತಾರೆ. ಅದು ಉಸಿರಾಡ್ದಂಗೆ. ನಿಮ್ಮನೇಲೂ ಅಂತಾರೆ."

"ಹೂಂ ಮೇಡಂ, ನಂಗೆ ಅರ್ಥ ಆಗತ್ತೆ."

"ನೀವೇ ಈಗ ಅಂತಾ ಇದ್ದೀರಲ್ಲಪ್ಪ. ನೀವು ಹೂಂ ಅಂದಿದ್ದಕ್ಕೆ ನಾನು ಮಾತಾಡ್ತಾ ಇದ್ದೀನಿ. ಅದು ನಂಗೆ ನೀವು ಹೇಳ್ಕೊಟ್ಟ ಹಾಗಾಯ್ತಾ?"

ಆ ಕಡೆ ಅವನು ಸುಮ್ಮನಾದ. ಆ ಮೌನದಲ್ಲಿ ನನ್ನ ಮಾತೂ ಕಟ್ಟಿಹೋಯಿತು. ಹಲೋ, ಇದ್ದೀರಾ ಎಂದೆ. "ಇದ್ದೀನಿ ಮೇಡಂ. ಸಾರಿ. ಅಂಕ ಹಾಕೋರು ಇಲ್ಲಿಯವರಲ್ಲ. ನನ್ ಕೈಲೇನೂ ಇಲ್ಲ" ಎಂದ. ಒಳ್ಳೆಯ ಹುಡುಗನೇ ಇದ್ದಿರಬೇಕು. ನಾನು ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟೆ.

ಹುಡುಗಿಯನ್ನು ಕರೆದು ಹೇಳಿದೆ. ಅವಳು ಅಳಲಿಲ್ಲ. ಮೊದಲು ಕೇಳಿದ್ದು ಸೀಟಿನ ಬಗ್ಗೆಯಲ್ಲ.

"ಅಮ್ಮಂಗೆ ಗೊತ್ತಾ ಮಿಸ್?"

"ಇಲ್ಲ."

"ಹೇಳ್ಬೇಡಿ. ಸೀಟು ಕಮ್ಮಿ ಇತ್ತು ಅಂತ ಹೇಳಿ. ಇಲ್ಲಾ ನಂಗೇ ಸರಿಯಾಗಿ ಬರ್ಲಿಲ್ಲ ಅಂತ ಹೇಳಿ."

ಅವಳಪ್ಪನ ಬಳಿ ಮತ್ತೆ ಹೋದೆ. ಸರ್ಕಾರಿ ಕಾಲೇಜಿನ ಮಾತು ಮತ್ತೆ ಎತ್ತಿದೆ. ಆತ ಅದೇ ಸಮಾಧಾನದಿಂದ ಅದೇ ಉತ್ತರ ಕೊಟ್ಟ. ಬೇಸಿಗೆ ಮುಗಿಯುವ ಮೊದಲೇ ಹುಡುಗಿ ಚಿಕ್ಕಮ್ಮನ ಜೊತೆ ಶಿವಾಜಿನಗರದ ಬಸ್ಸು ಹತ್ತಿದಳು.

ಅದಾದ ಮೇಲೆ ಒಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ತಾಯಿ ಸಿಕ್ಕಳು. ಸುಲಿದ ಬೆಳ್ಳುಳ್ಳಿಯ ಚೀಲ ಕಾಲಬಳಿ ಇಟ್ಟುಕೊಂಡು ಹಲಸೂರಿನ ಬಸ್ಸಿಗೆ ಕಾಯುತ್ತಿದ್ದಳು. ತಪ್ಪಿಸಿಕೊಂಡು ಹೋಗೋಣವೆಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ನೋಡಿಬಿಟ್ಟಳು.

"ಸೀಟು ಕಮ್ಮಿ ಇತ್ತಂತೆ ಅಲ್ವಾ ಮಿಸ್" ಎಂದಳು. ಹೌದು ಎಂದೆ.

"ಅವರ ಹಣೆಬರಹ ಬಿಡಿ. ಇಂಥಾ ಮಗೂನ ಬಿಟ್ಕೊಂಡ್ರು. ನಾನು ಅಲ್ಲೇ ಕೂತಿದ್ನಲ್ಲ, ಎಷ್ಟು ಚೆನ್ನಾಗಿ ಹೇಳಿದ್ಲು. ನಂಗೊಂದ್ ಮಾತು ತಿಳೀಲಿಲ್ಲ, ಆದ್ರೂ ಕಣ್ಣಲ್ಲಿ ನೀರು ಬಂತು." ಅವಳು ಹತ್ತಿರ ಸರಿದು ದನಿ ತಗ್ಗಿಸಿದಳು. "ಮಧ್ಯ ಒಂದ್ಕಡೆ ನಿಂತ್ಬಿಟ್ಲು ಮಿಸ್. ನಂಗೆ ಎದೆ ಧಸಕ್ಕಂತು. ಮಾತಾಡ್ಬಾರ್ದು ಅಂದಿದ್ರಿ, ನಾನು ಮಾತಾಡ್ಲಿಲ್ಲ. ಸುಮ್ನೆ ಹೂಂ ಅಂದೆ, ಅಷ್ಟೇ. ಆಮೇಲೆ ನೋಡಿ, ಹೆಂಗೆ ಹೋದ್ಲು. ನಾನೊಬ್ಳು ಅಲ್ಲಿ ಇಲ್ದೇ ಹೋಗಿದ್ರೆ ಏನ್ ಗತಿ ಆಗ್ತಿತ್ತು ಹೇಳಿ."

ಅವಳು ನನ್ನ ಮುಖವನ್ನೇ ನೋಡುತ್ತಾ ಕಾದಳು.

"ಹೂಂ" ಎಂದೆ.

ಬಸ್ಸು ಬಂತು. ಚೀಲ ಎತ್ತಿ ಅವಳ ಕೈಗೆ ಕೊಟ್ಟೆ, ಅವಳು ಹತ್ತಿ ಹೋದಳು.